18:37ಕ್ಕೆ ಸತ್ತಿದ್ದ ಟಿಕೆಟ್ ಯಂತ್ರ: ಇಂಗ್ಲೆಂಡಿನ ಒಂದು ಪೆನಾಲ್ಟಿ ಫೇರ್ ಪ್ರಕರಣ

ಗೆಳೆಯರೊಬ್ಬರ ಮಗಳು ಇಂಗ್ಲೆಂಡಿಗೆ ಓದಲು ಬಂದು ವರ್ಷವಾಗಿತ್ತು. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೋನ್ ಮಾಡಿ, "ಅಂಕಲ್, ರೈಲಿನವರು ನನ್ನನ್ನು ಕಳ್ಳಿ ಎಂದು ಬರೆದಿದ್ದಾರೆ" ಎಂದಳು. ಪತ್ರ ಕಳುಹಿಸು ಎಂದೆ. ಬಂತು. ಎರಡು ಸಲ ಓದಿದೆ. ಕಳ್ಳತನ, ಮೋಸ, ಸುಳ್ಳು, ಯಾವ ಶಬ್ದವೂ ಅದರಲ್ಲಿ ಇರಲಿಲ್ಲ. ನೀವು ಹತ್ತಿದ ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವ ಸೌಲಭ್ಯ ಇರಲಿಲ್ಲ ಎನ್ನುವುದಕ್ಕೆ ಆಧಾರ ಒದಗಿಸಿಲ್ಲ, ಆದ್ದರಿಂದ ಪೆನಾಲ್ಟಿ ಫೇರ್ (ಟಿಕೆಟ್ ಇಲ್ಲದೆ ರೈಲು ಹತ್ತಿದವರಿಂದ ವಸೂಲು ಮಾಡುವ ಹೆಚ್ಚಿದ ಪ್ರಯಾಣದರ) ವಿರುದ್ಧದ ನಿಮ್ಮ ಮೇಲ್ಮನವಿಯನ್ನು ತಿರಸ್ಕರಿಸಿದ್ದೇವೆ. ಅಷ್ಟೇ ಅದರ ಸಾರ. ಅವಳು ಎರಡು ಪುಟ ಬರೆದು ತಾನು ಪ್ರಾಮಾಣಿಕಳೆಂದು ಸಾಧಿಸಿದ್ದಳು. ಅವರಿಗೆ ಬೇಕಾಗಿದ್ದದ್ದು ಯಂತ್ರದ ಸುದ್ದಿ.

ಮುಂದಿನ ಎರಡು ತಿಂಗಳು ನಾವಿಬ್ಬರೂ ಮಾಡಿದ ಕೆಲಸವೆಂದರೆ ಉತ್ತರವನ್ನು ಪ್ರಶ್ನೆಯ ಎದುರಿಗೆ ತಂದು ನಿಲ್ಲಿಸಿದ್ದು. ಕಂಪನಿಯ ಹೆಸರನ್ನಾಗಲಿ ನಿಲ್ದಾಣದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಲಂಡನ್ನಿನ ಹೊರವಲಯದ ಆಚೆಗಿನ ಒಂದು ಸಣ್ಣ ನಿಲ್ದಾಣ ಎಂದುಕೊಂಡರೆ ಸಾಕು. ಅಂಥವು ಅಲ್ಲಿ ಬೇಕಾದಷ್ಟಿವೆ.

ಆ ಸಂಜೆ

ಅಕ್ಟೋಬರ್ 31, ಗುರುವಾರ. ನಾಲ್ಕು ದಿನದ ಹಿಂದೆಯಷ್ಟೇ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು, ಆರೂವರೆಗೆ ಕಗ್ಗತ್ತಲು. ಅವಳು ಸಂಜೆಯ ಅರೆಕಾಲಿಕ ಕೆಲಸ ಮುಗಿಸಿ 18:41ರ ರೈಲಿಗೆ ಬಂದಳು. ನಿಲ್ದಾಣದಲ್ಲಿ ಎರಡು ಪ್ಲಾಟ್‌ಫಾರ್ಮ್, ನಡುವೆ ಮೇಲ್ಸೇತುವೆ. ಟಿಕೆಟ್ ಕೌಂಟರ್ ಇರುವುದು ಒಂದನೇ ಪ್ಲಾಟ್‌ಫಾರ್ಮ್ ಬದಿ, ಅದು ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಅದರ ಹೊರಗೋಡೆಗೆ ಒರಗಿಕೊಂಡಂತೆ ಒಂದೇ ಒಂದು ಟಿಕೆಟ್ ಯಂತ್ರ. ಅವಳ ರೈಲು ಎರಡನೇ ಪ್ಲಾಟ್‌ಫಾರ್ಮಿನಿಂದ. ಅವಳು ಒಳಗೆ ಬರುವ ಪಕ್ಕದ ಗೇಟು ಇರುವುದೂ ಎರಡನೇ ಬದಿಗೇ. ಅಂದರೆ ಟಿಕೆಟ್ ಬೇಕಿದ್ದರೆ ಸೇತುವೆ ಹತ್ತಿ ಆಚೆ ಇಳಿದು, ಕೊಂಡು, ಮತ್ತೆ ಹತ್ತಿ ಈಚೆ ಇಳಿಯಬೇಕು.

ಅವಳು ಹತ್ತಿದಳು, ಇಳಿದಳು. ಯಂತ್ರದ ಪರದೆ ಕಪ್ಪಾಗಿತ್ತು. ಬೆರಳಿಟ್ಟಳು, ಅಂಗೈಯಿಂದ ತಟ್ಟಿದಳು, ಕಾರ್ಡ್ ತೂರಿಸಿ ನೋಡಿದಳು. ಏನೂ ಆಗಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೊ ಹೊಡೆದಳು. ಏಕೆ ಹೊಡೆದೆ ಎಂದು ನಾನು ಆಮೇಲೆ ಕೇಳಿದಾಗ, "ಅಮ್ಮನಿಗೆ ಕಳುಹಿಸಲು. ಇಲ್ಲೂ ಯಂತ್ರ ಕೆಡುತ್ತವೆ ಎಂದು ತೋರಿಸಲು" ಎಂದಳು. ಇಡೀ ಪ್ರಕರಣದಲ್ಲಿ ನಮಗೆ ದಕ್ಕಿದ ಏಕೈಕ ಅದೃಷ್ಟ ಅದು.

ಮತ್ತೆ ಸೇತುವೆ ಹತ್ತಿ ಓಡಿ ಬಂದು, ಮೂರು ನಿಮಿಷ ತಡವಾಗಿ ಬಂದ ರೈಲು ಹತ್ತಿದಳು. ಅದರಲ್ಲಿ ಕಂಡಕ್ಟರ್ ಇರಲಿಲ್ಲ, ಚಾಲಕನೊಬ್ಬನೇ ಓಡಿಸುವ ರೈಲು. ಇಳಿಯುವ ನಿಲ್ದಾಣದಲ್ಲಿ ಗೇಟಿನ ಹತ್ತಿರ ದುಡ್ಡು ಕೊಟ್ಟರಾಯಿತು ಎಂದುಕೊಂಡು ಕುಳಿತಳು. ಮೊದಲ ನಿಲ್ದಾಣ ಬರುವ ಮುಂಚೆಯೇ ತಪಾಸಕರು ಬಂದರು. ನಡೆದದ್ದನ್ನು ಹೇಳಿದಳು. 6 ಪೌಂಡ್ 60 ಪೆನ್ಸ್ ಟಿಕೆಟ್ ಕೊಡಿ ಎಂದು ಕಾರ್ಡ್ ಚಾಚಿದಳು. ಅವರು ಕೈಯಲ್ಲಿದ್ದ ಸಣ್ಣ ಯಂತ್ರದಲ್ಲಿ ಹೆಸರು, ವಿಳಾಸ ಬರೆದುಕೊಂಡು ಗುರುತಿನ ಚೀಟಿ ನೋಡಿ, ಬೇರೊಂದು ಚೀಟಿ ಹರಿದು ಕೊಟ್ಟರು. ಪೆನಾಲ್ಟಿ ಫೇರ್.

ತಪಾಸಕರನ್ನು ಅವಳು ಬಹಳ ಬೈದಳು. ನಾನು ಬೈಯಲಾರೆ. ಚಲಿಸುವ ರೈಲಿನಲ್ಲಿ ನಿಂತ ಮನುಷ್ಯನಿಗೆ ಹಿಂದಿನ ನಿಲ್ದಾಣದ ಯಂತ್ರ ಬದುಕಿದೆಯೋ ಸತ್ತಿದೆಯೋ ಕಾಣುವುದಿಲ್ಲ. ದಿನಕ್ಕೆ ಹತ್ತು ಜನ ಅದೇ ಮಾತು ಹೇಳುತ್ತಾರೆ, ಅವರಲ್ಲಿ ನಾಲ್ಕೈದು ಮಂದಿಯಾದರೂ ಆ ಯಂತ್ರದ ಮುಖವನ್ನೇ ನೋಡಿರುವುದಿಲ್ಲ. ಇವಳ ಫೋಟೊವನ್ನು ಅವರು ನೋಡಲಿಲ್ಲ ಎಂಬ ದೂರು ಮಾತ್ರ ನಿಜವಾದದ್ದು. ಆದರೆ ತೋರಿಸಬೇಕೆಂಬುದು ಅವಳಿಗೂ ಹೊಳೆದಿರಲಿಲ್ಲ. "ಮೇಲ್ಮನವಿ ಸಲ್ಲಿಸಿ, ಚೀಟಿಯ ಹಿಂದೆ ವಿಳಾಸವಿದೆ" ಎಂದು ಹೇಳಿ ಅವರು ಮುಂದಿನ ಬೋಗಿಗೆ ಹೋದರು.

ಆ ಗಳಿಗೆಯಲ್ಲಿ ಅವಳು ಮಾಡಿದ ಎರಡು ಕೆಲಸ ಸರಿಯಾಗಿದ್ದವು. ನಿಜವಾದ ಹೆಸರು, ವಿಳಾಸ ಕೊಟ್ಟಳು. ಅದನ್ನು ಕೊಡದೆ ಜಾರಿಕೊಳ್ಳಲು ನೋಡುವುದೇ ಅಪರಾಧ, ಅಲ್ಲಿಂದ ಮುಂದೆ ಯಂತ್ರದ ಕತೆ ಯಾರೂ ಕೇಳುವುದಿಲ್ಲ. ಜೊತೆಗೆ 6 ಪೌಂಡ್ 60 ಪೆನ್ಸನ್ನು ಅಲ್ಲೇ ಕಟ್ಟಿದಳು. ಕಟ್ಟಿದ್ದು ಚೀಟಿಯಲ್ಲಿ ದಾಖಲಾಯಿತು. ಪ್ರಯಾಣದ ದುಡ್ಡು ಕೊಡುವುದಿಲ್ಲ ಎಂಬ ತಕರಾರು ಅವಳದಾಗಿರಲೇ ಇಲ್ಲ ಎನ್ನುವುದಕ್ಕೆ ಆಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಚೀಟಿಯ ಲೆಕ್ಕ

ಪೆನಾಲ್ಟಿ ಫೇರ್ ಅನ್ನು ದಂಡ ಎಂದು ಕನ್ನಡಿಸಿದರೆ ಅರ್ಥ ಕೆಡುತ್ತದೆ. ದಂಡ ಹಾಕುವುದು ನ್ಯಾಯಾಲಯ, ಅದಕ್ಕೆ ಅಪರಾಧ ಸಾಬೀತಾಗಬೇಕು. ಇದು ಅಪರಾಧದ ಪ್ರಶ್ನೆಯೇ ಅಲ್ಲದ ಸಿವಿಲ್ ಬಾಕಿ, ಒಂದು ಬಗೆಯ ಹೆಚ್ಚಿದ ಪ್ರಯಾಣದರ. 1993ರ ರೈಲ್ವೆ ಕಾಯ್ದೆಯ 130ನೇ ಸೆಕ್ಷನ್ ಇದಕ್ಕೆ ದಾರಿ ಮಾಡಿಕೊಟ್ಟಿತು. ಈಗ ಜಾರಿಯಲ್ಲಿರುವುದು 2018ರ ಏಪ್ರಿಲ್ 6ರಿಂದ ಬಂದ ನಿಯಮಾವಳಿ. ಗೇಟುಗಳಿಲ್ಲದ ನಿಲ್ದಾಣ, ಕಂಡಕ್ಟರ್ ಇಲ್ಲದ ರೈಲು, ಇವೆರಡು ಹೆಚ್ಚಿದಂತೆ ಯಾರಾದರೂ ಕೇಳಿದರೆ ಟಿಕೆಟ್ ಕೊಳ್ಳೋಣ, ಕೇಳದಿದ್ದರೆ ಲಾಭ ಎಂಬ ಲೆಕ್ಕಾಚಾರ ಪ್ರಯಾಣಿಕರಲ್ಲಿ ಬೆಳೆಯದಿರಲಿ ಎಂದು ತಂದ ವ್ಯವಸ್ಥೆ ಇದು. ಸಿಕ್ಕಿಬಿದ್ದಾಗ ಕೊಡಬೇಕಾದ್ದು ಮಾಮೂಲಿ ದರವೇ ಆಗಿದ್ದರೆ ಮೊದಲೇ ಕೊಳ್ಳುವವನು ಪೆದ್ದನಾಗುತ್ತಾನೆ ಎಂಬ ಅವರ ತರ್ಕವನ್ನು ನಾನು ಅಲ್ಲಗಳೆಯುವುದಿಲ್ಲ.

ಬಹುಕಾಲ ಇದರ ಮೊತ್ತ 20 ಪೌಂಡ್ ಅಥವಾ ಒಂದು ಕಡೆಯ ಪೂರ್ಣ ದರದ ಎರಡರಷ್ಟು, ಯಾವುದು ಹೆಚ್ಚೋ ಅದು.  ಇಂಗ್ಲೆಂಡಿನಲ್ಲಿ 2023ರ ಜನವರಿ 23ರಿಂದ 100 ಪೌಂಡ್ ಮತ್ತು ಪ್ರಯಾಣದರ ಎಂದಾಯಿತು. 21 ದಿನದೊಳಗೆ ಕಟ್ಟಿದರೆ 50 ಪೌಂಡ್ ಮತ್ತು ಪ್ರಯಾಣದರ. ಸ್ಕಾಟ್‌ಲೆಂಡಿನ ಸ್ಕಾಟ್‌ರೈಲ್‌ನಲ್ಲಿ ಈ ಪದ್ಧತಿಯೇ ಇಲ್ಲ.

ಪ್ರಯಾಣದರ ಎಂದರೆ ಎಲ್ಲಿಯವರೆಗಿನದು? ಅವಳ ಚೀಟಿಯಲ್ಲಿ ಎರಡು ಸಾಲು ಇದ್ದವು, ಅವಳಿಗೆ ಗೊಂದಲವಾಗಿದ್ದು ಅಲ್ಲೇ. ಲೆಕ್ಕ ಹಾಕುವುದು ಹತ್ತಿದ ಜಾಗದಿಂದ ರೈಲು ನಿಲ್ಲುವ ಮುಂದಿನ ನಿಲ್ದಾಣದವರೆಗೆ, ಇಲ್ಲಿ 3 ಪೌಂಡ್ 20 ಪೆನ್ಸ್. ಅದಕ್ಕೂ ಮುಂದೆ ಹೋಗುವುದಿದ್ದರೆ ಅಲ್ಲಿಂದಾಚೆಗಿನ ದರ ಬೇರೆ, ಇಲ್ಲಿ 3 ಪೌಂಡ್ 40 ಪೆನ್ಸ್. ಎರಡೂ ಸೇರಿ 6.60, ನೇರ ಟಿಕೆಟ್ಟಿಗೂ ಅಷ್ಟೇ ಆಗುತ್ತಿತ್ತು. ಅದನ್ನು ಅಲ್ಲೇ ಕಟ್ಟಿದ್ದರಿಂದ ತಗಾದೆ ಉಳಿದದ್ದು ಸರಿಯಾಗಿ 50 ಪೌಂಡಿಗೆ, 21 ದಿನ ದಾಟಿದರೆ 100 ಪೌಂಡಿಗೆ.

ಈ ಅರ್ಧ ಬೆಲೆಯ ಏರ್ಪಾಡು ಬುದ್ಧಿವಂತರು ಮಾಡಿದ್ದು. ಐವತ್ತು ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ಎಂಥವರಿಗೂ ಅನ್ನಿಸುತ್ತದೆ. ಜಗಳ ಮಾಡಲು ಹೋಗಿ ನೂರು ಕಟ್ಟುವ ಪಾಡು ಯಾರಿಗೆ ಬೇಕು? ಅವಳ ತಂದೆಯೂ ಫೋನಿನಲ್ಲಿ ಅದನ್ನೇ ಹೇಳಿದ್ದರಂತೆ. ಅವರಿಗೆ ಗೊತ್ತಿರದಿದ್ದದ್ದು, ಬಹಳ ಜನರಿಗೂ ಗೊತ್ತಿರದಿರುವುದು ಏನೆಂದರೆ, 21 ದಿನದೊಳಗೆ ಮೇಲ್ಮನವಿ ಸಲ್ಲಿಸಿದರೆ ಆ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ. ಮೇಲ್ಮನವಿ ಬಾಕಿ ಇರುವವರೆಗೆ ಅದು ಓಡುವುದಿಲ್ಲ. ಚೀಟಿಯನ್ನು ಡ್ರಾಯರಿನಲ್ಲಿ ಹಾಕಿ ಮರೆಯುವವರಿಗೆ ಮಾತ್ರ ಅದು ಓಡುತ್ತಲೇ ಇರುತ್ತದೆ. ಅಂಥವರ ಬಾಕಿಯನ್ನು ಸಿವಿಲ್ ದಾವೆಯಲ್ಲಿ ವಸೂಲು ಮಾಡಬಹುದು, ಇಲ್ಲವೇ ಪೆನಾಲ್ಟಿ ಫೇರ್ ಕೈಬಿಟ್ಟು ಕ್ರಿಮಿನಲ್ ಮೊಕದ್ದಮೆಯನ್ನೇ ಹೂಡಬಹುದು.

ಎರಡು ಪುಟದ ಕೋಪ

ಅವಳ ಮೊದಲ ಮೇಲ್ಮನವಿ ನವೆಂಬರ್ 8ರಂದು ಹೋಗಿತ್ತು. ಪ್ರತಿಯನ್ನು ಓದಿದೆ. ಇಂಗ್ಲಿಷ್ ಚೆನ್ನಾಗಿತ್ತು, ಅದೇ ತೊಂದರೆ. ಮೊದಲ ಪ್ಯಾರಾ: ತಾನು ಯಾರು, ಏನು ಓದುತ್ತಿದ್ದೇನೆ, ಈವರೆಗೆ ಒಮ್ಮೆಯೂ ಟಿಕೆಟ್ ಇಲ್ಲದೆ ಪ್ರಯಾಣಿಸಿಲ್ಲ. ಎರಡನೆಯದು, ತಪಾಸಕರು ಎಲ್ಲರೆದುರು ಮಾತನಾಡಿದ ಧಾಟಿ. ಮೂರನೆಯದು, ಪಕ್ಕದಲ್ಲಿ ಕುಳಿತ ಹೆಂಗಸು ತನ್ನನ್ನು ನೋಡಿದ ರೀತಿ. ನಾಲ್ಕನೆಯದು, ವಿದ್ಯಾರ್ಥಿಗೆ ನೂರು ಪೌಂಡ್ ಎಂದರೆ ಎಷ್ಟು ದೊಡ್ಡದು. ಯಂತ್ರ ಬಂದದ್ದು ಐದನೆಯ ಪ್ಯಾರಾದ ಮೂರನೆಯ ವಾಕ್ಯದಲ್ಲಿ, "ಕೆಲಸ ಮಾಡುತ್ತಿರಲಿಲ್ಲ" ಎಂದಷ್ಟೇ. ಫೋಟೊ ಲಗತ್ತಿಸಿಯೇ ಇರಲಿಲ್ಲ.

"ಫೋಟೊ ಎಲ್ಲಿ?"

"ಅಮ್ಮನ ವಾಟ್ಸ್ಆ್ಯಪ್‌ನಲ್ಲಿದೆ. ನನ್ನ ಫೋನಿನಲ್ಲೂ ಇರಬೇಕು. ಮಾತಿನ ಮೇಲೆ ನಂಬಿಕೆ ಇಲ್ಲವೇ ಅಂಕಲ್ ಅವರಿಗೆ?"

ಇಲ್ಲ ಎಂದೆ. ಅದಕ್ಕೆ ಬೇಸರ ಪಡುವಂಥದ್ದೂ ಇಲ್ಲ. ಆ ಮೇಜಿನಲ್ಲಿ ಕುಳಿತವರು ಅವಳನ್ನು ನೋಡಿಲ್ಲ, ನೋಡುವುದೂ ಇಲ್ಲ. ಮೇಲ್ಮನವಿಯನ್ನು ಕೇಳುವುದು ರೈಲು ಕಂಪನಿಯಲ್ಲ, ಅದರಿಂದ ಸ್ವತಂತ್ರವಾಗಿರಬೇಕಾದ ಸಂಸ್ಥೆ. 2018ರ ನಿಯಮಾವಳಿ ಹಾಗೆ ಕಡ್ಡಾಯ ಮಾಡಿದೆ. ಅವರೆದುರು ಇರುವ ಕಾಗದದಲ್ಲಿ ಅವರು ಹುಡುಕುವ ಸಂಗತಿ ಕೆಲವೇ ಕೆಲವು. ಪೆನಾಲ್ಟಿ ಫೇರ್ ಅನ್ನು ನಿಯಮದಂತೆ ವಿಧಿಸಲಾಗಿದೆಯೇ? ಚೀಟಿಯಲ್ಲಿರುವ ವ್ಯಕ್ತಿ ಇವರೇನೇ? ಇಂಥ ಸಂದರ್ಭದಲ್ಲಿ ಇವರಿಂದ ವಸೂಲು ಮಾಡಬಾರದು ಎನ್ನಿಸುವಂಥ ಬಲವಾದ ಕಾರಣ ಏನಾದರೂ ಇದೆಯೇ? ಸಜ್ಜನಿಕೆಯ ಖಾತೆಯೇ ಆ ಕಡತದಲ್ಲಿ ಇಲ್ಲ.

ನಿಯಮದಂತೆ ವಿಧಿಸಿಲ್ಲ ಎನ್ನಬೇಕಾದರೆ ವಿಧಿಸಬಾರದ ಸಂದರ್ಭಗಳು ಯಾವುವು ಎಂದು ಗೊತ್ತಿರಬೇಕು. ಹತ್ತಿದ ನಿಲ್ದಾಣದಲ್ಲಿ, ಹತ್ತಿದ ಹೊತ್ತಿನಲ್ಲಿ, ಬೇಕಾದ ಟಿಕೆಟ್ ಮಾರುವ ಸೌಲಭ್ಯ ನಡೆಯುತ್ತಿರದಿದ್ದರೆ ವಿಧಿಸುವಂತಿಲ್ಲ. ಪೆನಾಲ್ಟಿ ಫೇರ್ ಜಾರಿಯಲ್ಲಿದೆ ಎಂಬ ಸೂಚನಾ ಫಲಕ ಹಾಕಿರದಿದ್ದರೆ ವಿಧಿಸುವಂತಿಲ್ಲ. ಟಿಕೆಟ್ ಇಲ್ಲದಿದ್ದರೂ ಹತ್ತಬಹುದು ಎಂದು ರೈಲಿನ ಸಿಬ್ಬಂದಿಯೇ ಹೇಳಿದ್ದರೆ ವಿಧಿಸುವಂತಿಲ್ಲ. ಸಾಲು ಉದ್ದವಿತ್ತು, ರೈಲು ತಪ್ಪಿಹೋಗುತ್ತಿತ್ತು ಎಂಬುದು ಈ ಪಟ್ಟಿಯಲ್ಲಿ ಇಲ್ಲ, ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಯಂತ್ರ ನಡೆಯುತ್ತಿದ್ದು ಎದುರಿಗೆ ಹತ್ತು ಜನ ನಿಂತಿದ್ದರೆ ಅವಳ ಪ್ರಕರಣದಲ್ಲಿ ನಾನು ಐವತ್ತು ಕಟ್ಟು ಎಂದೇ ಹೇಳುತ್ತಿದ್ದೆ.

ಫಲಕದ ವಿಷಯ

ಶನಿವಾರ ನಾನೇ ಆ ನಿಲ್ದಾಣಕ್ಕೆ ಹೋದೆ. ಕಾಗದ ಓದಿ ತಿಳಿಯುವುದು ಅರ್ಧ ಮಾತ್ರ ಎಂಬುದು ಕಚೇರಿಯಲ್ಲಿ ಕಲಿತ ಪಾಠ. ಎರಡನೇ ಬದಿಯ ಪಕ್ಕದ ಗೇಟಿನಲ್ಲಿ ಪೆನಾಲ್ಟಿ ಫೇರ್ ಫಲಕ ಇತ್ತು. ಬೇಲಿಯಿಂದ ಹಬ್ಬಿದ ಬಳ್ಳಿ ಅದರ ಕೆಳಗಿನ ಮೂಲೆಯನ್ನು ನುಂಗಿತ್ತು. ಅವಳಿಗೆ ಫೋಟೊ ಕಳುಹಿಸಿದೆ. ಅವಳು ಕುಣಿದಳು: "ಅಂಕಲ್, ಫಲಕ ಕಾಣುತ್ತಿರಲಿಲ್ಲ ಎಂದು ಹಾಕೋಣ!"

ಹಾಕಲಿಲ್ಲ. ಮೂಲೆ ಮುಚ್ಚಿತ್ತು, ಅಕ್ಷರಗಳು ಓದುವಂತಿದ್ದವು. ಮೇಲಾಗಿ ಅವಳಿಗೆ ಆ ನಿಯಮ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಸೇತುವೆ ಹತ್ತಿ ಹೋಗಿದ್ದಳು. ಗಟ್ಟಿಯಾದ ಒಂದು ವಾದದ ಪಕ್ಕದಲ್ಲಿ ಸೊರಗಿದ ಇನ್ನೊಂದನ್ನು ನಿಲ್ಲಿಸಿದರೆ ಓದುವವನು ಸೊರಗಿದ್ದನ್ನೇ ಹಿಡಿದು ಎರಡನ್ನೂ ಉರುಳಿಸುತ್ತಾನೆ. ಇದನ್ನು ಅವಳಿಗೆ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು.

ಯಂತ್ರ ಆ ದಿನ ಚೆನ್ನಾಗಿ ನಡೆಯುತ್ತಿತ್ತು. ನನ್ನ ಟಿಕೆಟ್ಟನ್ನು ಅದರಲ್ಲೇ ಕೊಂಡೆ. ಎದುರು ನಿಂತಾಗ ಬೆನ್ನ ಹಿಂದೆ, ತಲೆಗಿಂತ ತುಸು ಮೇಲೆ, ರೈಲುಗಳ ಹೊತ್ತು ತೋರಿಸುವ ಕಿತ್ತಳೆ ಅಕ್ಷರದ ಬೋರ್ಡು ತೂಗುತ್ತಿತ್ತು. ಅದನ್ನು ನೋಡಿದೆ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಅದರ ಬೆಲೆ ತಿಳಿದದ್ದು ಮೂರು ವಾರದ ಮೇಲೆ.

ಎರಡನೆಯ ಸುತ್ತು

ಮೊದಲ ತಿರಸ್ಕಾರದಿಂದ 14 ದಿನದೊಳಗೆ ಎರಡನೆಯ ಮೇಲ್ಮನವಿ ಹೋಗಬೇಕು. ನಾಲ್ಕು ವಾಕ್ಯ ಬರೆದೆವು. ಇಂಥ ದಿನ ಇಂಥ ಹೊತ್ತಿಗೆ ಇಂಥ ನಿಲ್ದಾಣದಲ್ಲಿ ಕೌಂಟರ್ ಮುಚ್ಚಿತ್ತು. ಅಲ್ಲಿರುವ ಒಂದೇ ಯಂತ್ರದ ಪರದೆ ಸತ್ತಿತ್ತು, ಫೋಟೊ ಲಗತ್ತಿಸಿದೆ. ಟಿಕೆಟ್ ಮಾರುವ ಸೌಲಭ್ಯ ಇಲ್ಲದ ಕಾರಣ ಪೆನಾಲ್ಟಿ ಫೇರ್ ವಿಧಿಸಲು ಬರುವುದಿಲ್ಲ. ಪ್ರಯಾಣದರ 6.60 ಅನ್ನು ರೈಲಿನಲ್ಲೇ ಪಾವತಿಸಿದ್ದೇನೆ. ತಪಾಸಕರ ಧಾಟಿ, ಪಕ್ಕದ ಹೆಂಗಸು, ವಿದ್ಯಾರ್ಥಿಯ ಬಡತನ ಎಲ್ಲವೂ ಹೋದವು. "ಇಷ್ಟೇನಾ? ನನಗೆ ಎಷ್ಟು ಅವಮಾನವಾಯಿತು ಎನ್ನುವುದು ಎಲ್ಲಿಯೂ ಬರಲಿಲ್ಲ" ಎಂದಳು. ಅದಕ್ಕೆ ಬೇರೆ ಕಾಗದ ಬರೆಯಬಹುದು, ದೂರಿನ ವಿಭಾಗಕ್ಕೆ, ಈ ತಗಾದೆ ಮುಗಿದ ಮೇಲೆ ಎಂದೆ. ಬರೆಯಲಿಲ್ಲ ಎಂದು ಕಾಣುತ್ತದೆ.

ಇದೇ ದಿನಗಳಲ್ಲಿ ಪತ್ರಿಕೆಗಳ ತುಂಬ ರೈಲು ಟಿಕೆಟ್ ಮೊಕದ್ದಮೆಗಳದೇ ಸುದ್ದಿ. ಆಗಸ್ಟ್ 15ರಂದು ಇಂಗ್ಲೆಂಡಿನ ಮುಖ್ಯ ಮ್ಯಾಜಿಸ್ಟ್ರೇಟ್ ಪಾಲ್ ಗೋಲ್ಡ್‌ಸ್ಪ್ರಿಂಗ್ ಅವರು, ರೈಲು ಕಂಪನಿಗಳು ಹೂಡಿದ್ದ ಸುಮಾರು 74,000 ಮೊಕದ್ದಮೆಗಳು ಅಸಿಂಧು ಎಂಬ ತೀರ್ಮಾನಕ್ಕೆ ದಾರಿ ಮಾಡಿದ್ದರು. 1889ರ ರೈಲ್ವೆ ನಿಯಂತ್ರಣ ಕಾಯ್ದೆಯಡಿಯ ಆರೋಪಗಳನ್ನು, ಒಬ್ಬರೇ ಮ್ಯಾಜಿಸ್ಟ್ರೇಟ್ ಬಾಗಿಲು ಮುಚ್ಚಿಕೊಂಡು ಕಾಗದ ನೋಡಿ ಮುಗಿಸುವ ತ್ವರಿತ ಪದ್ಧತಿಯಲ್ಲಿ ನಡೆಸಲು ಅವಕಾಶವೇ ಇರಲಿಲ್ಲ. ಕಂಪನಿಗಳು ವರ್ಷಗಟ್ಟಲೆ ನಡೆಸಿದ್ದವು. ಶರತ್ಕಾಲದಲ್ಲಿ ಇನ್ನೊಂದು ಗಲಾಟೆ. ಯುವಜನರ ರಿಯಾಯಿತಿ ಕಾರ್ಡಿಗೆ ಬೆಳಗಿನ 10 ಗಂಟೆಯ ಮೊದಲು 12 ಪೌಂಡಿನ ಕನಿಷ್ಠ ದರದ ಷರತ್ತೊಂದು ಆಗ ಇತ್ತು. ಅದು ತಿಳಿಯದೆ ಕೆಲವೇ ಪೌಂಡ್ ಕಡಿಮೆ ಕಟ್ಟಿದವರಿಗೂ ಮೊಕದ್ದಮೆಯ ಬೆದರಿಕೆಯ ಪತ್ರ ಹೋಗಿತ್ತು. ನವೆಂಬರಿನಲ್ಲಿ ಸರ್ಕಾರ ರೈಲು ನಿಯಂತ್ರಣ ಸಂಸ್ಥೆಯಾದ ಒಆರ್‌ಆರ್‌ಗೆ ಇದನ್ನೆಲ್ಲ ಪರಿಶೀಲಿಸಲು ಹೇಳಿತು. ಅದರ ವರದಿ ಬಂದದ್ದು 2025ರ ಜೂನ್‌ನಲ್ಲಿ, ನಮ್ಮ ತಗಾದೆ ಮುಗಿದು ಎಷ್ಟೋ ದಿನಗಳಾದ ಮೇಲೆ.

ಇದನ್ನೆಲ್ಲ ಓದಿ ಅವಳು ಹೆದರಿದ್ದಳು. "ನನ್ನ ಮೇಲೂ ಕೇಸು ಹಾಕುತ್ತಾರೆಯೇ? ವೀಸಾಕ್ಕೆ ತೊಂದರೆಯಾಗುತ್ತದೆಯೇ?" ಹೆದರಿಕೆಗೆ ಕಾರಣವಿದೆ, ಆದರೆ ಅದು ಬೇರೆ ಹಳಿ. 1889ರ ಕಾಯ್ದೆಯ ಐದನೇ ಸೆಕ್ಷನ್ ದುಡ್ಡು ತಪ್ಪಿಸುವ ಉದ್ದೇಶವನ್ನು ಸಾಬೀತು ಮಾಡಬೇಕೆನ್ನುತ್ತದೆ. 2005ರ ರೈಲ್ವೆ ಬೈಲಾಗಳಲ್ಲಿ 18ನೆಯದು ಇನ್ನೂ ಮೊಂಡು: ಉದ್ದೇಶ ಏನೇ ಇರಲಿ, ಸಿಂಧುವಾದ ಟಿಕೆಟ್ ಇಲ್ಲದೆ ರೈಲು ಹತ್ತಿದ್ದೇ ತಪ್ಪು. ಅದರಲ್ಲೂ ಟಿಕೆಟ್ ಮಾರುವ ಸೌಲಭ್ಯ ಇರಲಿಲ್ಲ ಎನ್ನುವುದು ಒಪ್ಪುವ ಉತ್ತರ. ತಪಾಸಕರು ಇವಳ ಮೇಲೆ ವರದಿ ಬರೆಯದೆ ಪೆನಾಲ್ಟಿ ಫೇರ್ ಕೊಟ್ಟಿದ್ದರು. ಅವರು ಅವಳನ್ನು ಕಳ್ಳಿಯೆಂದು ತಿಳಿದಿರಲಿಲ್ಲ ಎನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ. ಅವಳು ಅಳುತ್ತಲೇ ಇದನ್ನು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯದು.

ಡಿಸೆಂಬರ್ 18ಕ್ಕೆ ಎರಡನೆಯ ಉತ್ತರ ಬಂತು. ತಿರಸ್ಕೃತ. ಆದರೆ ಈ ಬಾರಿ ಕಾರಣಗಳಿದ್ದವು, ಅದು ಒಂದು ಬಗೆಯ ಪ್ರಗತಿ. ಒಂದು, ಫೋಟೊದಲ್ಲಿ ದಿನಾಂಕವಾಗಲಿ ಹೊತ್ತಾಗಲಿ ಕಾಣುತ್ತಿಲ್ಲ. ಎರಡು, ಕಂಪನಿಯ ದಾಖಲೆಯ ಪ್ರಕಾರ ಅದೇ ಯಂತ್ರ ಆ ಸಂಜೆ 18:29ಕ್ಕೆ ಒಂದು ಟಿಕೆಟ್, 18:52ಕ್ಕೆ ಇನ್ನೊಂದು ಟಿಕೆಟ್ ಮಾರಿದೆ. ಮೂರು, ಪ್ರಯಾಣಿಕರು ಮೊಬೈಲ್ ಆ್ಯಪ್ ಮೂಲಕ ಟಿಕೆಟ್ ಕೊಳ್ಳಬಹುದಾಗಿತ್ತು.

ಯಂತ್ರ ಕೆಟ್ಟರೆ ಪ್ರಯಾಣಿಕರ ಬೆನ್ನಿಗೆ ಬರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಆದರೂ ನನಗೆ ಆ ಪತ್ರ ಕಂಡು ಖುಷಿಯಾಯಿತು. ಎದುರಾಳಿ ಮೊದಲ ಬಾರಿ ತನ್ನ ಕೈಯ ಎಲೆಗಳನ್ನು ತೋರಿಸಿದ್ದ.

ಕಪ್ಪು ಕನ್ನಡಿ

ದಾಖಲೆಯ ಎರಡು ಹೊತ್ತುಗಳನ್ನು ಪಕ್ಕಪಕ್ಕ ಬರೆದು ನೋಡಿದೆ. 18:29. 18:52. ನಡುವೆ ಇಪ್ಪತ್ಮೂರು ನಿಮಿಷ. ಗುರುವಾರದ ಸಂಜೆ, ಕೆಲಸ ಬಿಟ್ಟು ಜನ ಮನೆಗೆ ಹೋಗುವ ಹೊತ್ತು, ನಿಲ್ದಾಣಕ್ಕೆಲ್ಲ ಒಂದೇ ಯಂತ್ರ. ಆ ಇಪ್ಪತ್ಮೂರು ನಿಮಿಷದಲ್ಲಿ ಅದು ಒಂದು ಟಿಕೆಟ್ಟನ್ನೂ ಮಾರಲಿಲ್ಲ. ಯಂತ್ರ ಸರಿಯಾಗಿತ್ತು ಎಂದು ತೋರಿಸಲು ಅವರು ಕೊಟ್ಟ ದಾಖಲೆಯ ನಡುವೆ ಅವಳು ಹೇಳಿದ ಹೊತ್ತಿಗೆ ಸರಿಯಾಗಿ ಒಂದು ತೂತು ಇತ್ತು. ಯಂತ್ರ ಮಂಕಾಗಿ, ಎಲ್ಲಿಂದಲೋ ಯಾರೋ ಮತ್ತೆ ಚಾಲೂ ಮಾಡಿದ್ದರೆ ದಾಖಲೆ ಹೀಗೆಯೇ ಕಾಣಬೇಕು. ಆದರೆ ಯಾರೂ ಕೊಳ್ಳಲು ಬರಲಿಲ್ಲ ಎಂದು ಅವರು ಹೇಳಿದರೆ? ತೂತು ಸುಳಿವಾಗಬಹುದು, ಸಾಕ್ಷಿಯಾಗುವುದಿಲ್ಲ.

ಫೋಟೊವನ್ನು ಮತ್ತೆ ತೆಗೆದೆ. ಈ ಸಲ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿದ ಪ್ರತಿಯಲ್ಲ, ಅವಳ ಫೋನಿನಿಂದ ಮೂಲ ಫೈಲನ್ನೇ ಕಳುಹಿಸಲು ಹೇಳಿದ್ದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಕಪ್ಪು ಪರದೆ, ಅದರ ಗಾಜಿನ ಮೇಲೆ ಬೆರಳಿನ ಜಿಡ್ಡು, ಕೆಳಗೆ ಕಾರ್ಡ್ ತೂರಿಸುವ ಸೀಳಿನ ಹಸಿರು ದೀಪ ಆರಿಹೋಗಿದೆ. ಪರದೆಯ ಮೇಲ್ಭಾಗದಲ್ಲಿ ಮೊಬೈಲ್ ಹಿಡಿದ ಅವಳದೇ ನೆರಳು. ಅದರ ಭುಜದ ಪಕ್ಕದಲ್ಲಿ ಕಿತ್ತಳೆ ಬಣ್ಣದ ಗೀರುಗಳು. ಮೊದಲು ಅದನ್ನು ಬೀದಿದೀಪದ ಬೆಳಕೆಂದು ಬಿಟ್ಟಿದ್ದೆ. ಚಿತ್ರವನ್ನು ಎಡಬಲ ತಿರುಗಿಸಿದೆ. ಗೀರುಗಳು ಅಕ್ಷರಗಳಾದವು. ಅವಳ ಬೆನ್ನ ಹಿಂದೆ ತೂಗುತ್ತಿದ್ದ ಬೋರ್ಡು! ಮೊದಲ ಸಾಲಿನಲ್ಲಿ 18:41ರ ರೈಲು, ಅದರ ಪಕ್ಕ ನಿರೀಕ್ಷಿತ ಸಮಯ 18:44. ಕೆಳಗಿನ ಮೂಲೆಯಲ್ಲಿ ಗಡಿಯಾರ, 18:37.

ಪರದೆ ಬೆಳಗುತ್ತಿದ್ದರೆ ಅದರಲ್ಲಿ ಯಾವ ಬಿಂಬವೂ ಮೂಡುತ್ತಿರಲಿಲ್ಲ. ಸತ್ತದ್ದರಿಂದ, ಅದೂ ಕತ್ತಲಾದ್ದರಿಂದ, ಕನ್ನಡಿಯಾಗಿತ್ತು.

ದಿನಾಂಕ ಇನ್ನೂ ಉಳಿದಿತ್ತು. ಫೈಲಿನೊಳಗೆ ಅದು ದಾಖಲಾಗಿರುತ್ತದೆ, ಆದರೆ ಅದನ್ನು ಬದಲಿಸಬಹುದು ಎನ್ನುವವರು ಇರುತ್ತಾರೆ. ಇಲ್ಲಿ ಬ್ರಿಟನ್ನಿನ ರೈಲ್ವೆಯ ಒಂದು ಒಳ್ಳೆಯ ಗುಣ ಕೈಹಿಡಿಯಿತು. ಯಾವ ರೈಲು ಯಾವ ದಿನ ಯಾವ ನಿಲ್ದಾಣದಿಂದ ಎಷ್ಟು ಹೊತ್ತಿಗೆ ಹೊರಟಿತು ಎಂಬ ಮಾಹಿತಿ ಅಲ್ಲಿ ಸಾರ್ವಜನಿಕ, ಹಳೆಯ ದಿನಗಳದೂ ಸಿಗುತ್ತದೆ. ಅಕ್ಟೋಬರ್ 31ರಂದು 18:41ರ ರೈಲು ಹೊರಟದ್ದು 18:44ಕ್ಕೆ. ಹಿಂದಿನ ವಾರದ ಮತ್ತು ಮುಂದಿನ ವಾರದ ಕೆಲಸದ ದಿನಗಳನ್ನೂ ನೋಡಿದೆ. ಬೇರೆ ಯಾವ ದಿನವೂ ಅದು ಸರಿಯಾಗಿ ಮೂರು ನಿಮಿಷ ತಡವಾಗಿರಲಿಲ್ಲ. ಅವಳಿಗೆ ಫೋನ್ ಮಾಡಿ ಹೇಳಿದಾಗ ಆಚೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ರೈಲು ತಡವಾದದ್ದಕ್ಕೆ ನಾನು ಅವತ್ತು ಬೈದುಕೊಂಡಿದ್ದೆ ಅಂಕಲ್" ಎಂದಳು.

ಇನ್ನು ಆ್ಯಪ್‌ನ ಮಾತು. ಇದೇ ಮೂರರಲ್ಲಿ ನಾನು ಹೆಚ್ಚು ಯೋಚಿಸಿದ್ದು, ಏಕೆಂದರೆ ಕೇಳಲು ಸಮಂಜಸವಾಗಿಯೇ ಇದೆ. ಕೈಯಲ್ಲಿ ಫೋನಿತ್ತು, ಫೋಟೊ ಹೊಡೆದಿದ್ದಾಳೆ, ಟಿಕೆಟ್ಟನ್ನೂ ಕೊಳ್ಳಬಹುದಿತ್ತಲ್ಲ? ಕೊಳ್ಳಬಹುದಿತ್ತು. ನನ್ನ ಮಗಳಾಗಿದ್ದರೆ ಕೊಳ್ಳು ಎಂದೇ ಹೇಳುತ್ತಿದ್ದೆ, ಈಗಲೂ ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಆದರೆ ನಿಯಮ ಕೇಳುವುದು ನಿಲ್ದಾಣದಲ್ಲಿ ಏನಿತ್ತು ಎಂದು, ಪ್ರಯಾಣಿಕರ ಕಿಸೆಯಲ್ಲಿ ಏನಿತ್ತು ಎಂದಲ್ಲ. ಸ್ಮಾರ್ಟ್‌ಫೋನ್, ಅದರಲ್ಲಿ ಆ್ಯಪ್, ಅದಕ್ಕೆ ಜೋಡಿಸಿದ ಕಾರ್ಡ್, ಇವೆಲ್ಲ ಇದ್ದವರು ಮಾತ್ರ ರೈಲು ಹತ್ತಬೇಕೆಂದು ಅಲ್ಲಿ ಬರೆದಿಲ್ಲ. ಮಾರುವ ಹೊಣೆ ಮಾರುವವನದು, ಅವನ ಅಂಗಡಿ ತೆರೆದಿರಬೇಕು. ಕೋಪ ಬರಿಸದ ಹಾಗೆ ಇದನ್ನು ಎರಡು ವಾಕ್ಯದಲ್ಲಿ ಬರೆದೆವು.

ಮೂರನೆಯ ಮತ್ತು ಕೊನೆಯ ಮೇಲ್ಮನವಿಗೂ 14 ದಿನವೇ ಗಡುವು. ಅದು ಹೋಗುವುದು ಮೂವರು ಸದಸ್ಯರ ಸ್ವತಂತ್ರ ಮಂಡಳಿಗೆ. ಕ್ರಿಸ್ಮಸ್ ರಜೆಯ ನಡುವೆ, ಡಿಸೆಂಬರ್ 29ರಂದು ಕಳುಹಿಸಿದೆವು. ಒಂದು ಪುಟ ಬರಹ, ಮೂಲ ಫೋಟೊ, ಬಿಂಬವನ್ನು ದೊಡ್ಡದು ಮಾಡಿ ತಿರುಗಿಸಿದ ತುಣುಕು, ಆ ದಿನದ ರೈಲಿನ ಓಟದ ದಾಖಲೆ, ಅವರದೇ ಪತ್ರದ ಎರಡು ಹೊತ್ತುಗಳಿಗೆ ಕೆಳಗೆರೆ. ಆ ಪುಟದ ನಡುವಿನ ಭಾಗವನ್ನು ಕನ್ನಡದಲ್ಲಿ ಹೇಳುವುದಾದರೆ: "ಯಂತ್ರವು 18:29ಕ್ಕೂ 18:52ಕ್ಕೂ ನಡೆಯುತ್ತಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ನಾನು ಅದರ ಮುಂದೆ ನಿಂತದ್ದು 18:37ಕ್ಕೆ. ಆ ಹೊತ್ತಿನ ಬಗ್ಗೆ ಕಂಪನಿಯ ದಾಖಲೆ ಏನನ್ನೂ ಹೇಳುವುದಿಲ್ಲ. ನನ್ನ ಫೋಟೊ ಹೇಳುತ್ತದೆ."

ಮೊದಲ ವಾಕ್ಯ ಅವಳಿಗೆ ಇಷ್ಟವಾಗಿರಲಿಲ್ಲ. ಎದುರಾಳಿಯ ಮಾತನ್ನು ಏಕೆ ಒಪ್ಪಬೇಕು ಎಂಬುದು ಅವಳ ಪ್ರಶ್ನೆ. ಅದು ಸತ್ಯ, ಒಪ್ಪಿದರೆ ಖರ್ಚಿಲ್ಲ, ಒಪ್ಪಿದ ಮೇಲೆ ಅವರು ಅದನ್ನು ಮತ್ತೆ ಹೇಳುವಂತೆಯೂ ಇಲ್ಲ ಎಂದೆ. ಈಗ ನೋಡಿದರೆ ಇಡೀ ಪುಟದಲ್ಲಿ ನನಗೆ ಹೆಚ್ಚು ಇಷ್ಟವಾದ ಸಾಲು ಅದೇ.

ಜನವರಿ ಕೊನೆಯ ಪತ್ರ

ತೀರ್ಮಾನ ಬಂದದ್ದು ಜನವರಿ ಕೊನೆಯ ವಾರ, ಇಮೇಲಿನಲ್ಲಿ, ಮೂರು ಸಾಲು. ಪ್ರಯಾಣ ಆರಂಭಿಸಿದ ಹೊತ್ತಿಗೆ ಟಿಕೆಟ್ ಮಾರುವ ಸೌಲಭ್ಯ ಲಭ್ಯವಿರಲಿಲ್ಲ ಎಂಬುದನ್ನು ಮಂಡಳಿ ಒಪ್ಪಿದೆ, ಮೇಲ್ಮನವಿಯನ್ನು ಪುರಸ್ಕರಿಸಿದೆ, ಬಾಕಿಯನ್ನು ರದ್ದು ಮಾಡಿದೆ. ಕನ್ನಡಿಯ ಬಿಂಬದ ಬಗ್ಗೆ ಒಂದು ಮಾತಿಲ್ಲ. ಇಪ್ಪತ್ಮೂರು ನಿಮಿಷದ ತೂತಿನ ಬಗ್ಗೆ ಇಲ್ಲ. ಮೂವರಲ್ಲಿ ಯಾರಿಗೆ ಯಾವುದು ನಾಟಿತೋ ಗೊತ್ತಾಗುವಂತಿಲ್ಲ. ಬರೆದವನಿಗೆ ಸ್ವಲ್ಪ ನಿರಾಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವಳು ಅದನ್ನು ಓದಿ ನನಗೆ ಫೋನ್ ಮಾಡಿದಳು.

"ಕ್ಷಮೆ ಕೇಳಿಲ್ಲವಲ್ಲ ಅಂಕಲ್?"

"ಕೇಳುವುದಿಲ್ಲ. ಆ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ."

"ಆರು ಪೌಂಡ್ ಅರವತ್ತು ಪೆನ್ಸ್? ಅದನ್ನೂ ವಾಪಸು ಕೊಡುತ್ತಾರೆಯೇ?"

"ಅದೇಕೆ ಕೊಡುತ್ತಾರೆ? ನೀನು ಪ್ರಯಾಣ ಮಾಡಿದ್ದೀಯಲ್ಲ."

ಆಚೆಯಿಂದ ನಗು ಕೇಳಿಸಿತು. ಮೂರು ತಿಂಗಳಲ್ಲಿ ಮೊದಲ ಸಲ.